ಅಳತೆಗೆ ನಿಂತ ಮೈ

ಮನೆಯಿಂದ,
ತಾ. 14, ಶುಕ್ರವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಎಡಗಡೆ ಭುಜದ ನೋವು ಕಡಿಮೆಯಾಯಿತಾ? ಹೊಸ ಆಫೀಸಿನಲ್ಲಿ ಒಳ್ಳೆ ಕುರ್ಚಿ ಕೊಟ್ಟಿದ್ದಾರೋ, ಇಲ್ಲ ಅಲ್ಲೂ ಬೆನ್ನಿಗೆ ಟವೆಲು ಮಡಿಚಿಟ್ಟುಕೊಂಡೇ ಕೂರುತ್ತೀಯೋ? ಅಮ್ಮನಿಗೆ ಮಂಡಿ ನೋವು ಬಿಟ್ಟರೆ ಬೇರೇನಿಲ್ಲ. ದಿನಕ್ಕೆರಡು ಸಲ ನಿನ್ನ ಸುದ್ದಿ ತೆಗೆಯುತ್ತಾಳೆ. ಬೆಳಿಗ್ಗೆ, ಅವಳು ಸರಿಯಾಗಿ ತಿನ್ನುತ್ತಿದ್ದಾಳಂತಾ ಅಂತ; ಸಂಜೆ, ಅವಳು ಫೋನು ಮಾಡಿದ್ದಳಾ ಅಂತ. ಎರಡಕ್ಕೂ ನಾನು ಹೂಂ ಅನ್ನುತ್ತೇನೆ. ಎರಡನೆಯದು ಸುಳ್ಳು, ಮೊದಲನೆಯದು ನನಗೆ ಗೊತ್ತಿಲ್ಲ. ನಾನು ಚೆನ್ನಾಗಿದ್ದೇನೆ. ಮೂರು ಹೊತ್ತೂ ಹೊಟ್ಟೆ ತುಂಬ ಉಣ್ಣುತ್ತಿದ್ದೇನೆ. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಮುಂದಿನದನ್ನು ಓದುವಾಗ ಇವಳು ಹಸಿದು ಬರೆದಿದ್ದಾಳೆ, ಹಿಡಿತ ತಪ್ಪಿ ಬರೆದಿದ್ದಾಳೆ ಅಂತ ನಿನಗೆ ಅನ್ನಿಸಬಾರದು.

ಸಭೆಯಲ್ಲಿ ಎದ್ದು ನಿಂತು ಮಾತಾಡುವುದನ್ನು ನನಗೆ ಕಲಿಸಿದವಳು ನೀನು. ಕಾರ್ಖಾನೆಯಲ್ಲಿ ನಮ್ಮ ಸಂಘ ಕಟ್ಟಿದ ಹೊಸದರಲ್ಲಿ ನನ್ನನ್ನು ಅಡುಗೆಮನೆಯಲ್ಲಿ ನಿಲ್ಲಿಸಿ ಹೇಳಿಕೊಟ್ಟಿದ್ದೆ: ‘ಮೊದಲು ಏನು ಕೊಡ್ತೀವಿ ಅಂದಿದ್ರು ಅದನ್ನ ಹೇಳು, ಆಮೇಲೆ ಏನು ಕೊಡಲಿಲ್ಲ ಅದನ್ನ ಹೇಳು, ಕೊನೆಗೆ ಮುಂದೆ ಸೇರೋ ದಿನ, ಗಂಟೆ ಹೇಳಿ ಕೂತ್ಕೊ. ನಡುವೆ ಅಳಬೇಡ.’ ಅದೇ ಕ್ರಮದಲ್ಲಿ ಬರೆಯುತ್ತೇನೆ.

ಕೊಡುತ್ತೇವೆ ಅಂದದ್ದು: ಕಟಿಂಗ್ ಮಾಸ್ಟರ್ ನಿವೃತ್ತರಾದ ದಿನ ಅವರ ಮೇಜು, ಅವರ ಕತ್ತರಿ, ಅವರ ಹುದ್ದೆ ನನಗೆ. ಯಜಮಾನರು ಎರಡು ವರ್ಷದ ಹಿಂದೆ ಮೂರು ಮಹಡಿಯವರನ್ನೂ ಕೂರಿಸಿಕೊಂಡು ಹೇಳಿದ ಮಾತು. ಹುದ್ದೆಗೆ ಪರೀಕ್ಷೆ ಮೇಜಿನ ಮೇಲೆ, ಬಟ್ಟೆಯ ಮೇಲೆ ಅಂದಿದ್ದರು. ತಪ್ಪಾದರೆ ವಿಚಾರಣೆಯಲ್ಲಿ ಎರಡೂ ಕಡೆಯವರ ಮಾತು ಕೇಳುತ್ತೇವೆ ಅಂದಿದ್ದರು.

ಕೊಡದೆ ಹೋದದ್ದು: ಹುದ್ದೆ ಕೊಡಲಿಲ್ಲ. ಬಟ್ಟೆ ಮುಟ್ಟಲು ಬಿಡಲಿಲ್ಲ. ನನ್ನ ಮಾತು ಕೇಳಲಿಲ್ಲ. ಇದ್ದ ಕೆಲಸವನ್ನೂ ಕಿತ್ತುಕೊಂಡರು.

ನೀನು ಕೊಡುತ್ತೇನೆ ಅಂದದ್ದು ಒಂದೇ ಒಂದು. ‘ನಾನಿದ್ದೀನಲ್ಲ ಪುಟ್ಟಿ’ ಅಂದಿದ್ದೆ. ಅದಕ್ಕೆ ಆಮೇಲೆ ಬರುತ್ತೇನೆ.

ಇದರಲ್ಲಿ ನಿನಗೆ ಗೊತ್ತಿಲ್ಲದ್ದು ಕಡಿಮೆ. ಆದರೂ ಎಲ್ಲವನ್ನೂ ಮೊದಲಿಂದ ಬರೆಯುತ್ತಿದ್ದೇನೆ. ನೀನು ಕೊಟ್ಟ ಹೇಳಿಕೆ ಓದಿದ ಮೇಲೆ, ಪಾಪ, ಅಕ್ಕನಿಗೆ ಮರೆವು ಶುರುವಾಗಿರಬಹುದು ಅನ್ನಿಸಿತು.

ನಮ್ಮದು ಸಮವಸ್ತ್ರ ಹೊಲಿಯುವ ಕಾರ್ಖಾನೆ. ನರ್ಸುಗಳಿಗೆ, ಹೋಟೆಲಿನವರಿಗೆ, ಬಸ್ಸಿನವರಿಗೆ. ಸಾವಿರ ಮೈಗೆ ಬಟ್ಟೆ ಕತ್ತರಿಸುವ ಮೊದಲು ಒಂದು ಜೀವಂತ ಮೈಮೇಲೆ ಮಾದರಿ ಹಾಕಿ ನೋಡುತ್ತೇವೆ, ಯಾಕೆಂದರೆ ಮರದ ಬೊಂಬೆ ಬಗ್ಗುವುದಿಲ್ಲ, ಕೈ ಎತ್ತುವುದಿಲ್ಲ, ಉಸಿರು ಬಿಡುವುದಿಲ್ಲ. ಒಂದೊಂದು ಸೈಜಿಗೆ ಒಬ್ಬೊಬ್ಬಳು ಹೆಂಗಸು. ಸ್ಟೂಲಿನ ಮೇಲೆ ನಿಲ್ಲಬೇಕು, ಪಿನ್ನು ಚುಚ್ಚಿದರೂ ಅಲುಗಾಡಬಾರದು. ನಲವತ್ತಾರನೇ ಸೈಜಿಗೆ ಒಂಬತ್ತು ವರ್ಷದಿಂದ ನಾನು. ವಾರಕ್ಕೆ ಎರಡು ಗಂಟೆ ಅಲ್ಲಿ ನಿಲ್ಲುತ್ತಿದ್ದೆ, ಮಿಕ್ಕ ಹೊತ್ತೆಲ್ಲ ಕತ್ತರಿ ಹಿಡಿಯುತ್ತಿದ್ದೆ. ಹೆಸರು ಮಾತ್ರ ಆ ಎರಡು ಗಂಟೆಯದೇ ಉಳಿಯಿತು. ಎಲ್ಲರಿಗೂ ನಾನು ನಲವತ್ತಾರು. ‘ನಲವತ್ತಾರು ಎಲ್ಲಿ?’ ‘ನಲವತ್ತಾರು ಊಟಕ್ಕೆ ಹೋಗಿದೆ, ಇವತ್ತಿಗೆ ಬರಲ್ಲ ಬಿಡಿ.’ ಎಲ್ಲರೂ ನಗುವ ಮೊದಲು ನಾನೇ ನಕ್ಕುಬಿಡುತ್ತಿದ್ದೆ. ದಪ್ಪಗಿರುವ ಹೆಂಗಸು ಮೊದಲು ಕಲಿಯುವ ಕಸುಬು ಅದು. ಗುಂಪಿನ ಫೋಟೋ ಅಂದರೆ ಹಿಂದಿನ ಸಾಲು, ಬಸ್ಸು ಅಂದರೆ ನಿಂತುಕೊಂಡೇ ಪ್ರಯಾಣ, ಸಭೆ ಅಂದರೆ ಕೈ ಎತ್ತದಿರುವುದು. ಹೇಳಲು ಮಾತಿಲ್ಲ ಅಂತಲ್ಲ. ಕೈ ಎತ್ತಿದರೆ ಎಲ್ಲರೂ ತೋಳು ನೋಡುತ್ತಾರೆ.

ಅಳತೆ ನೋಡುವ ಅಧಿಕಾರ ನಿನ್ನದಾಗಿತ್ತು. ಮಾದರಿ ಹಾಕುವ ಮೊದಲು ಮೈಯ ಸುತ್ತ ಏಳು ಕಡೆ ಟೇಪು ಹಿಡಿಯಬೇಕು, ಅಂಕಿ ಪುಸ್ತಕಕ್ಕೆ ಬರೆಯಬೇಕು, ಕೆಳಗೆ ನೀನು ಸಹಿ ಹಾಕಬೇಕು. ನಿಯಮ ಅಷ್ಟೇ, ಉಗುರಿನಷ್ಟು. ನಮ್ಮಿಡೀ ಕಾರ್ಖಾನೆ ಆ ಸಹಿಯ ಮೇಲೆ ನಿಂತಿದೆ ಅಂತ ನೀನೇ ಹೊಸಬರಿಗೆ ಹೇಳುತ್ತಿದ್ದೆ.

ಮಾಸ್ಟರ್ ಕಥೆ ನಿನಗೆ ನೆನಪಿರಲೇಬೇಕು. ಆ ಮನುಷ್ಯನ ಹೊಟ್ಟೆ ಅವರಿಗಿಂತ ಮೊದಲೇ ಮೇಜಿನ ಹತ್ತಿರ ಬರುತ್ತಿತ್ತು. ಕತ್ತರಿಸುವಾಗ ಅದನ್ನು ಬಟ್ಟೆಯ ಅಂಚಿನ ಮೇಲಿಟ್ಟು ಒತ್ತಿ ಹಿಡಿಯುತ್ತಿದ್ದರು, ಜಾರದ ಹಾಗೆ. ಇಪ್ಪತ್ತೆಂಟು ವರ್ಷ ಅದನ್ನು ಎಲ್ಲರೂ ಅನುಭವ ಅಂದರು. ಯಾರೂ ಟೇಪು ಹಿಡಿಯಲಿಲ್ಲ. ಕೊನೆಯ ಆರು ವರ್ಷ ಅವರ ಕಣ್ಣು ಮಂಜಾದಾಗ ಅರ್ಧ ಕತ್ತರಿಸಿದ್ದು ನಾನು, ಮುಕ್ಕಾಲು ಗೆರೆ ಎಳೆದದ್ದು ನಾನು. ಹೋಗುವ ದಿನ ಕತ್ತರಿ ನನ್ನ ಕೈಗಿಟ್ಟು, ‘ಇದು ನಿಂದೇ, ಯಾರಿಗೂ ಕೊಡಬೇಡ’ ಅಂದು ಹೋದರು.

ಅವತ್ತು ಸಂಜೆ ನೀನು ನನ್ನ ಹಾಸಿಗೆಯ ತುದಿಯಲ್ಲಿ ಕೂತು ಹೇಳಿದೆ: ‘ಮೇಲೆ ಗಾಜಿನ ಕೋಣೆಲಿ ಕೂತಿರೋರು ನಿನ್ನ ಕತ್ತರಿ ನೋಡಲ್ಲ ಪುಟ್ಟಿ. ನಿನ್ನ ನೋಡ್ತಾರೆ. ಪರೀಕ್ಷೆಗೆ ಹನ್ನೊಂದು ದಿನ ಇದೆ. ಸ್ವಲ್ಪ ಇಳಿಸು. ನಾನಿದ್ದೀನಲ್ಲ.’ ನೀನು ಹೇಳಿದ್ದು ಸುಳ್ಳಲ್ಲ. ಅದಕ್ಕೇ ಇವತ್ತಿಗೂ ನನಗೆ ಮೈ ಉರಿಯುವುದು. ಅವರು ಹಾಗೆ ನೋಡುತ್ತಾರೆ ಅಂತ ಗೊತ್ತಿದ್ದವಳು ಅವರ ಕಣ್ಣಿಗೆ ಬೈಯಬೇಕಿತ್ತು. ಸಂಘದಲ್ಲಿ ಹಾಗೇ ಬೈಯುತ್ತಿದ್ದವಳು ನೀನು. ಮನೆಗೆ ಬಂದು ನನ್ನ ತಟ್ಟೆ ಕಿತ್ತುಕೊಂಡೆ.

ಹನ್ನೊಂದು ದಿನ. ಬಿಸಿನೀರು, ಸೌತೆಕಾಯಿ, ಸಂಜೆಗೆ ಅರ್ಧ ತುಂಡು ಬ್ರೆಡ್ಡು. ಅಮ್ಮನಿಗೆ ಹೊಟ್ಟೆ ಕೆಟ್ಟಿದೆ ಅಂತ ಸುಳ್ಳು. ಅವಳು ಪಾಪ, ನನ್ನ ತಟ್ಟೆ ಮುಚ್ಚಿಟ್ಟು ಕಾಯುತ್ತಿದ್ದಳು, ಆಮೇಲೆ ತಾನೂ ಅರ್ಧಕ್ಕೆ ಎದ್ದುಬಿಡುತ್ತಿದ್ದಳು. ದಿನಾ ಬೆಳಿಗ್ಗೆ ಅಡುಗೆಮನೆ ಕಿಟಕಿಯ ಹತ್ತಿರ ನನ್ನನ್ನು ನಿಲ್ಲಿಸಿ ನೀನು ಸೊಂಟಕ್ಕೆ ಟೇಪು ಹಿಡಿಯುತ್ತಿದ್ದೆ. ಐದನೇ ದಿನ ಒಂದು ಇಂಚು ಇಳಿದಿದೆ ಅಂತ ನನ್ನನ್ನು ತಬ್ಬಿಕೊಂಡೆ. ಅಷ್ಟು ಗಟ್ಟಿಯಾಗಿ ಎಷ್ಟೋ ವರ್ಷದಿಂದ ತಬ್ಬಿರಲಿಲ್ಲ. ಸುಳ್ಳು ಯಾಕೆ ಹೇಳಲಿ, ನನಗೂ ಖುಷಿಯಾಗಿತ್ತು. ತಲೆ ತಿರುಗುತ್ತಿತ್ತು, ಆದರೆ ಅಂಗಡಿಯ ಗಾಜಿನಲ್ಲಿ ನನ್ನ ನೆರಳು ಕಂಡಾಗ ಮುಖ ತಿರುಗಿಸಲಿಲ್ಲ. ಬಸ್ಸಿನಲ್ಲಿ ಒಬ್ಬಳು ಪಕ್ಕದ ಸೀಟಿನ ಮೇಲಿದ್ದ ಚೀಲ ತೆಗೆದು ಬನ್ನಿ ಅಂದಳು. ಮೂವತ್ತೆಂಟು ವರ್ಷದ ಹೆಂಗಸು ನಾನು, ಅಷ್ಟಕ್ಕೆ ಕಣ್ಣು ತುಂಬಿಬಂತು. ನೋಡು, ಎಷ್ಟು ಅಗ್ಗಕ್ಕೆ ನಮ್ಮನ್ನು ಕೊಳ್ಳಬಹುದು.

ಎಂಟನೇ ದಿನ ನರ್ಸುಗಳ ಸಮವಸ್ತ್ರದ ಮಾದರಿ ಬಂತು. ನಾನು ಸ್ಟೂಲು ಹತ್ತಿದೆ. ಬೆಳಿಗ್ಗೆ ಮನೆಯಲ್ಲಿ ನನ್ನನ್ನು ಅಳೆದ ಕೈಯೇ ಹತ್ತು ಗಂಟೆಗೆ ಪುಸ್ತಕ ತೆರೆಯಿತು. ಟೇಪು ನಿನ್ನ ಕತ್ತಿನಲ್ಲಿ ನೇತಾಡುತ್ತಿತ್ತು, ಅದನ್ನು ಇಳಿಸಲಿಲ್ಲ. ಹಳೆಯ ಅಂಕಿಗಳನ್ನೇ ಏಳು ಕಡೆ ಬರೆದು ಸಹಿ ಹಾಕಿದೆ. ನಾನು ನಿನ್ನ ಮುಖ ನೋಡಿದೆ. ‘ಹೊಸ ಅಂಕಿ ಬರೆದ್ರೆ ಬೇರೆ ಮೈ ಹುಡುಕ್ಬೇಕು, ವಾರ ಹೋಗುತ್ತೆ. ಬಾಯಿ ಮುಚ್ಕೊಂಡು ನಿಂತ್ಕೊ’ ಅಂತ ಪಿಸುಗುಟ್ಟಿದೆ. ನಾನು ನಿಂತುಕೊಂಡೆ. ದರ್ಜಿ ಕಂಕುಳ ಹತ್ತಿರ ಬಟ್ಟೆ ಹೆಚ್ಚಾಗಿದೆ ಅಂತ ಪಿನ್ನು ಹಾಕಿ ಒಳಕ್ಕೆಳೆದ. ಹದಿನಾಲ್ಕು ವರ್ಷ ಕತ್ತರಿ ಹಿಡಿದವಳಿಗೆ ಕಂಕುಳಲ್ಲಿ ಒಂದು ಇಂಚು ಅಂದರೆ ಏನು ಅಂತ ಗೊತ್ತಿಲ್ಲವಾ? ಗೊತ್ತಿತ್ತು. ಸೀಮೆಸುಣ್ಣದ ಗುರುತು ಒಳಗೆ ಸರಿದದ್ದು ನೋಡಿ ಹಿಗ್ಗಿದ್ದೆ ನಾನು. ಆ ತಪ್ಪು ನನ್ನದು. ಅದನ್ನು ಯಾರೂ ಕೇಳುವ ಮೊದಲೇ ನಾನು ಒಪ್ಪಿಕೊಳ್ಳುತ್ತೇನೆ.

ಹನ್ನೆರಡನೇ ದಿನ ಗಾಜಿನ ಕೋಣೆ. ಎರಡೂ ಕಡೆ ಕೈಯಿರುವ ಕುರ್ಚಿ ಇಟ್ಟಿದ್ದರು. ಹನ್ನೊಂದು ದಿನ ಹಸಿದರೂ ಅದರೊಳಗೆ ನಾನು ಹಿಡಿಸಲಿಲ್ಲ, ತುದಿಯಲ್ಲಿ ಕೂತೆ. ಬಟ್ಟೆ ತರಿಸಲೇ ಇಲ್ಲ. ನೂರು ಮೀಟರಿನಲ್ಲಿ ಎಷ್ಟು ಉಳಿಸುತ್ತೀಯ, ತೊಳೆದರೆ ಎಷ್ಟು ಕುಗ್ಗುತ್ತೆ, ಒಂದೂ ಕೇಳಲಿಲ್ಲ. ಗಿರಾಕಿಗಳು ಬಂದರೆ ಮೂರು ಮಹಡಿ ಹತ್ತಿಸಿ ತೋರಿಸಲು ನಿನಗಾಗುತ್ತಾ ಅಂತ ಮ್ಯಾನೇಜರು ಕೇಳಿದ. ದಿನಕ್ಕೆ ಆರು ಸಲ ಆ ಮೆಟ್ಟಿಲು ಹತ್ತಿಳಿಯುವವಳು ನಾನು, ಲಿಫ್ಟಿನಲ್ಲಿ ಬರುವವನು ಅವನು. ಆಮೇಲೆ ಮೆಲ್ಲಗೆ, ಒಳ್ಳೆಯ ಮಾತಿನಲ್ಲೇ ಹೇಳಿದ: ‘ಮಾಸ್ಟರ್ ಅಂದ್ರೆ ಕಂಪನಿಯ ಮುಖ ಅಲ್ವೇನಮ್ಮ?’ ನನಗೆ ಉತ್ತರ ಹೊಳೆದದ್ದು ಮೆಟ್ಟಿಲಿಳಿಯುವಾಗ. ಒಂಬತ್ತು ವರ್ಷ ಕಂಪನಿಯ ಸೊಂಟ ನಾನೇ ಆಗಿದ್ದೆ, ಎದೆ ನಾನೇ, ತೋಳು ನಾನೇ. ಮುಖ ಆಗುವುದಕ್ಕೆ ಮಾತ್ರ ನಾನು ಹೆಚ್ಚಾಗಿಬಿಟ್ಟೆನಾ?

ಹುದ್ದೆ ಹೊರಗಿನಿಂದ ಬಂದ ಒಬ್ಬಳಿಗೆ ಹೋಯಿತು. ತೆಳ್ಳಗೆ, ಚುರುಕಾಗಿದ್ದಾಳೆ. ಎರಡನೇ ದಿನವೇ ನನ್ನ ಹತ್ತಿರ ಬಂದು ಈ ಬಟ್ಟೆಯ ಎಳೆ ಯಾವ ಕಡೆಗೆ ಓಡುತ್ತೆ ಅಂತ ಕೇಳಿದಳು. ತೋರಿಸಿಕೊಟ್ಟೆ. ಅವಳ ಮೇಲೆ ನನಗೆ ಸಿಟ್ಟಿಲ್ಲ. ಅವಳು ಬಾಗಿಲಲ್ಲಿ ಬಂದವಳು, ಬಾಗಿಲು ಮುಚ್ಚಿದವಳಲ್ಲ. ಆದರೆ ಅವತ್ತಿನಿಂದ ನನ್ನ ಕಣ್ಣಿಗೆ ಬೇರೆಯದೇ ಕಾಣತೊಡಗಿತು. ನಮ್ಮಲ್ಲಿ ಮೈಕೈ ತುಂಬಿಕೊಂಡ ಹೆಂಗಸರೆಲ್ಲ ಎಲ್ಲಿದ್ದಾರೆ ಹೇಳು? ಕೆಳಗಿನ ಮಹಡಿ, ಹಿಂದಿನ ಕೋಣೆ. ಇಸ್ತ್ರಿ, ಪ್ಯಾಕಿಂಗು, ನೂಲು ಕತ್ತರಿಸುವುದು. ಮೇಲೆ ಹೋದ ಹಾಗೆ ಹೆಂಗಸರು ತೆಳ್ಳಗಾಗುತ್ತಾರೆ, ಗಂಡಸರು ದಪ್ಪಗಾಗುತ್ತಾರೆ. ಹದಿನಾಲ್ಕು ವರ್ಷ ಆ ಮೆಟ್ಟಿಲು ಹತ್ತಿದ್ದೇನೆ, ಒಂದು ಸಲವೂ ಕಂಡಿರಲಿಲ್ಲ.

ಆರು ವಾರ ಕಳೆದು ಪೆಟ್ಟಿಗೆಗಳು ವಾಪಸು ಬಂದವು. ನಲವತ್ತಾರನೇ ಸೈಜು ತೊಟ್ಟ ನರ್ಸುಗಳಿಗೆ ಕೈ ಎತ್ತಲು ಬರುತ್ತಿಲ್ಲ, ಗ್ಲೂಕೋಸ್ ಬಾಟಲಿ ಕೊಕ್ಕೆಗೆ ಹಾಕಲು ಹೋದರೆ ಕಂಕುಳಲ್ಲಿ ಹೊಲಿಗೆ ಬಿಟ್ಟುಕೊಳ್ಳುತ್ತದೆ. ನಿನಗೆ ಗೊತ್ತಿಲ್ಲದ್ದು ಈಗ ಬರುತ್ತದೆ. ಪೆಟ್ಟಿಗೆ ಬಿಚ್ಚಿದವಳು ನಮ್ಮ ಗುಂಡಿ ಹೊಲಿಯುವವಳು, ಬಾಯಿ ಜೋರಿನವಳು. ಒಂದು ಜೇಬಿನಲ್ಲಿ ಅವಳಿಗೊಂದು ಚೀಟಿ ಸಿಕ್ಕಿತು. ಓದಿ ಮುಗಿಸಿದವಳೇ ತಂದು ನನ್ನ ಕೈಗೆ ಕೊಟ್ಟಳು. ಯಾರೋ ನರ್ಸಮ್ಮ ಬರೆದದ್ದು: ‘ನನಗೇ ಮೈ ಬಂದಿರಬೇಕು ಅಂದುಕೊಂಡು ನಾಲ್ಕು ದಿನ ಊಟ ಬಿಟ್ಟೆ. ಆದರೂ ಆಗುತ್ತಿಲ್ಲ. ತೊಂದರೆಗೆ ಕ್ಷಮಿಸಿ. ದಯವಿಟ್ಟು ಒಂದು ಸೈಜು ದೊಡ್ಡದು ಕಳಿಸಿ.’

ಅಕ್ಕಾ, ಒಬ್ಬಳು ಹಸಿದು ನಿಂತ ಮೈಮೇಲೆ ಕತ್ತರಿಸಿದ ಬಟ್ಟೆಗೆ ಇನ್ನೊಬ್ಬಳು ಹಸಿದು ಮೈ ಒಗ್ಗಿಸಲು ನೋಡಿದ್ದಾಳೆ. ರೋಗಿಗಳನ್ನು ಎತ್ತಿ ಕೂರಿಸುವ ಹೆಂಗಸು. ತಪ್ಪು ಬಟ್ಟೆಯದ್ದು ಅಂತ ಅವಳಿಗೆ ಹೊಳೆಯಲೇ ಇಲ್ಲ. ಮೇಲಾಗಿ ಕ್ಷಮಿಸಿ ಅಂತ ನಮ್ಮನ್ನೇ ಕೇಳಿದ್ದಾಳೆ. ಆ ಚೀಟಿ ಓದಿದಾಗ ನಾನು ಅತ್ತೆ. ನಡುವೆ ಅಳಬೇಡ ಅಂದಿದ್ದೆ ನೀನು, ಈ ಒಂದು ಸಲ ಬಿಟ್ಟುಬಿಡು.

ವಿಚಾರಣೆ ನಡೆದದ್ದು ಗಾಜಿನ ಕೋಣೆಯಲ್ಲಿ. ನಿನ್ನನ್ನು ಕರೆದರು, ನನ್ನನ್ನು ಕರೆಯಲಿಲ್ಲ. ಮೂರನೇ ದಿನ ಮ್ಯಾನೇಜರು ಆದೇಶದ ಜೊತೆ ನಿನ್ನ ಹೇಳಿಕೆಯ ಪ್ರತಿಯನ್ನೂ ಕೊಟ್ಟ. ಅವನು ಕೊಡದೆ ಇದ್ದಿದ್ದರೆ ನಾನು ಸಾಯುವ ತನಕ ಅದು ಬೇರೆ ಯಾರದೋ ಕೆಲಸ ಅಂದುಕೊಂಡಿರುತ್ತಿದ್ದೆ. ನಿನ್ನ ಅಕ್ಷರ, ನಿನ್ನ ಸಹಿ, ಎರಡೇ ಸಾಲು. ‘ನನ್ನ ತಂಗಿ ನನಗೆ ತಿಳಿಸದೆ ಊಟ ಬಿಟ್ಟಿದ್ದಳು, ಆದ್ದರಿಂದ ಅಳತೆಯ ವ್ಯತ್ಯಾಸ ನನ್ನ ಗಮನಕ್ಕೆ ಬರಲಿಲ್ಲ. ತೂಕದ ವಿಷಯದಲ್ಲಿ ಅವಳಿಗೆ ಚಿಕ್ಕಂದಿನಿಂದಲೂ ಮನಸ್ಸಿನ ಹಿಡಿತ ಇಲ್ಲ.’

ಮೊದಲ ಸಾಲು ಕೆಲಸ ಉಳಿಸಿಕೊಳ್ಳಲು ಬರೆದೆ. ಅದು ಸುಳ್ಳು, ಆದರೆ ಹೆದರಿಕೆಯ ಸುಳ್ಳು. ಹೆದರಿದವರನ್ನು ನಾನು ಎಷ್ಟೋ ಕಂಡಿದ್ದೇನೆ. ಎರಡನೇ ಸಾಲು ಯಾಕೆ ಬರೆದೆ ಅಕ್ಕಾ? ಅದನ್ನು ನಿನ್ನಿಂದ ಯಾರೂ ಕೇಳಿರಲಿಲ್ಲ. ಮೊದಲ ಸಾಲಿಗೆ ಪೂರ್ಣವಿರಾಮ ಹಾಕಿ, ಪೆನ್ನು ಎತ್ತಿ, ಇನ್ನೊಂದು ಸಲ ಇಳಿಸಿದ್ದೀಯ. ಆ ನಡುವಿನ ಹೊತ್ತಿನಲ್ಲಿ ಏನು ಯೋಚಿಸಿದೆ ಅಂತ ನನಗೆ ತಿಳಿಯಬೇಕು.

ಚಿಕ್ಕಂದಿನಿಂದಲೂ ಅಂತ ಬರೆದಿದ್ದೀಯಲ್ಲ, ಚಿಕ್ಕಂದಿನದು ನನಗೂ ನೆನಪಿದೆ. ಶಾಲೆಯ ಮೈದಾನದಲ್ಲಿ ಏರಿಳಿಯುವ ಹಲಗೆ ಇತ್ತು. ನಾನು ಕೂತರೆ ಎದುರಿನವರು ಮೇಲೆ ಹೋಗಿ ಇಳಿಯುತ್ತಲೇ ಇರಲಿಲ್ಲ, ಹುಡುಗಿಯರು ಕಿಸಿಕಿಸಿ ನಗುತ್ತಿದ್ದರು. ನೀನು ಓಡಿಬಂದು ನಿನ್ನ ಗೆಳತಿಯರಿಬ್ಬರನ್ನು ಎಳೆದು ಆ ಕಡೆ ಕೂರಿಸಿ, ಅವರ ಹಿಂದೆ ನೀನೂ ಹತ್ತಿ ಕೂಗಿದೆ: ‘ನಾವು ಮೂರು ಜನ ಸಿಪಾಯಿಗಳು, ಅವಳೊಬ್ಬಳೇ ರಾಣಿ.’ ಆವತ್ತು ಇಡೀ ಮಧ್ಯಾಹ್ನ ಆಡಿದೆವು. ಒಬ್ಬಳು ಹೆಚ್ಚು ಭಾರ ಇದ್ದರೆ ಅವಳನ್ನು ಇಳಿಸಬೇಕಾಗಿಲ್ಲ, ಎದುರು ಕಡೆ ಇನ್ನಿಬ್ಬರು ಹತ್ತಬೇಕು ಅಂತ ಹತ್ತು ವರ್ಷದ ನಿನಗೆ ಗೊತ್ತಿತ್ತು. ಅದನ್ನೇ ದೊಡ್ಡವಳಾಗಿ ಸಂಘ ಅಂದೆ. ಆ ಹುಡುಗಿಯನ್ನು ಎಲ್ಲಿ ಬಿಟ್ಟುಬಂದೆ?

ಆದೇಶ ಬಂದ ದಿನವೇ ನನ್ನನ್ನು ಕತ್ತರಿಯಿಂದ ತೆಗೆದರು, ಸ್ಟೂಲಿನಿಂದ ತೆಗೆದರು, ಹಿಂದಿನ ಕೋಣೆಗೆ ನೂಲು ಕತ್ತರಿಸಲು ಹಾಕಿದರು. ಹುದ್ದೆಗೆ ದಪ್ಪ ಹೆಚ್ಚಾಯಿತು, ಸ್ಟೂಲಿಗೆ ದಪ್ಪ ಸಾಲದಾಯಿತು. ಎರಡೂ ಒಂದೇ ಫೈಲಿನಲ್ಲಿವೆ. ಅದರ ಮುಂದಿನ ವಾರವೇ ನಿನಗೆ ದೊಡ್ಡ ಆಫೀಸಿಗೆ ಬಡ್ತಿ ಸಿಕ್ಕಿತು. ಪೆಟ್ಟಿಗೆ ಕಟ್ಟುವಾಗ ನನ್ನ ಮುಖ ನೋಡಲಿಲ್ಲ ನೀನು. ಊರು ಬಿಡುವ ಸಂಕಟ ಅಂದುಕೊಂಡಳು ಅಮ್ಮ. ಅವಳಿಗೆ ಇನ್ನೂ ಏನೂ ಹೇಳಿಲ್ಲ.

ಈಗ ನಮ್ಮ ಸಮಾಚಾರ. ನರ್ಸಮ್ಮನ ಚೀಟಿಯನ್ನು ಊಟದ ಹಾಲಿನಲ್ಲಿ ಓದಿದೆವು. ಈ ಸೋಮವಾರದಿಂದ ಒಬ್ಬಳೂ ಸ್ಟೂಲು ಹತ್ತಿಲ್ಲ. ಮೊದಲು ಇಳಿದವಳು ಯಾರು ಗೊತ್ತಾ? ಮೂವತ್ತನಾಲ್ಕು. ಕಡ್ಡಿ ಅಂತ ನಾವು ಹೊಟ್ಟೆಕಿಚ್ಚು ಪಡುತ್ತಿದ್ದೆವಲ್ಲ, ಅವಳೇ. ಹೆರಿಗೆಯಾಗಿ ಇಪ್ಪತ್ತೇ ದಿನಕ್ಕೆ ಹೊಟ್ಟೆಗೆ ಬಟ್ಟೆ ಬಿಗಿದುಕೊಂಡು ಬಂದು ನಿಂತಿದ್ದಳಂತೆ, ಸೈಜು ಬೇರೆಯವರ ಪಾಲಾಗುತ್ತೆ ಅಂತ. ಹಾಲು ಸೋರಿ ಮಾದರಿ ಒದ್ದೆಯಾದಾಗ ದಂಡ ಹಾಕಬೇಡಿ ಅಂತ ಕೈ ಮುಗಿದಿದ್ದಳಂತೆ. ಇದನ್ನು ಅವಳು ಹೇಳುವಾಗ ಗುಂಡಿ ಹೊಲಿಯುವವಳು, ‘ಥೂ, ನಿನ್ನ ಕಂಡು ಇಷ್ಟು ವರ್ಷ ಸುಮ್ನೆ ಉರ್ಕೊಂಡ್ನಲ್ಲೇ’ ಅಂದಳು. ಎಲ್ಲರೂ ನಕ್ಕರು, ಅವಳೂ ನಕ್ಕಳು. ಹೊಸ ಮಾಸ್ಟರಮ್ಮ ಬಾಗಿಲಲ್ಲಿ ನಿಂತು ಕೇಳಿಸಿಕೊಂಡು, ಒಳಗೆ ಬಂದು ಕೂತಳು. ದೊಡ್ಡ ಆರ್ಡರು ಮೇಜಿನ ಮೇಲೆ ಹಾಗೇ ಬಿದ್ದಿದೆ. ಬೊಂಬೆಗೆ ಹಾಕಿ ನೋಡಿದರಂತೆ, ಕೈ ಎತ್ತಿಸಲು ಆಗಲಿಲ್ಲವಂತೆ.

ನಾವು ಕೇಳಿರುವುದು ಮೂರು. ಹುದ್ದೆಗೆ ಪರೀಕ್ಷೆ ಬಟ್ಟೆಯ ಮೇಲೆ ನಡೆಯಬೇಕು, ಮೈಯ ಮೇಲಲ್ಲ. ಅಳತೆಗೆ ನಿಲ್ಲುವವಳ ಮೈ ಬದಲಾದರೆ ಅಂಕಿ ಬದಲಾಗಬೇಕು, ಅವಳ ಕೆಲಸವಲ್ಲ. ನನ್ನ ಫೈಲಿನಿಂದ ನಿನ್ನ ಎರಡನೇ ಸಾಲು ಹೋಗಬೇಕು. ಮೊದಲೆರಡನ್ನು ಸಂಘ ಬರೆಯಿತು, ಮೂರನೆಯದನ್ನು ನಾನು ಸೇರಿಸಿದೆ. ಯಜಮಾನರು ಇಳಿದುಬಂದು ಮಾತಾಡಲು ಒಪ್ಪಿದ್ದಾರೆ. ಈ ಸಲ ಗಾಜಿನ ಕೋಣೆಯಲ್ಲಲ್ಲ, ಊಟದ ಹಾಲಿನಲ್ಲಿ, ಕೈಯಿಲ್ಲದ ಬೆಂಚುಗಳ ಮೇಲೆ.

ಭುಜಕ್ಕೆ ಬಿಸಿನೀರಿನ ಶಾಖ ಕೊಡುವುದು ಮರೆಯಬೇಡ. ಹೊತ್ತು ಹೊತ್ತಿಗೆ ಊಟ ಮಾಡು. ಇದು ಅಮ್ಮನ ಮಾತು, ನನ್ನದೂ ಹೌದು. ಅವಳ ಆಶೀರ್ವಾದ ನಿನಗೆ ಸದಾ ಇದೆ. ನನ್ನಿಂದ ಏನು ಕಳಿಸಲಿ ಅಂತ ಇನ್ನೂ ಗೊತ್ತಾಗಿಲ್ಲ.

ನಿನ್ನ ತಂಗಿ
ನಲವತ್ತಾರು

ತಾ.ಕ.: ಲಕೋಟೆ ಅಂಟಿಸುವ ಮೊದಲು ಒಂದು ಮಾತು. ಕಿಟಕಿಯ ಹತ್ತಿರ ನನ್ನನ್ನು ಅಳೆಯುವಾಗ ದಿನಾ ಅಂಕಿಯನ್ನು ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂದೆ ಬರೆಯುತ್ತಿದ್ದೆಯಲ್ಲ, ಆ ಹಾಳೆ ನನ್ನ ಹತ್ತಿರ ಇದೆ. ಹನ್ನೊಂದು ಬೆಳಗು, ಹನ್ನೊಂದು ಅಂಕಿ, ಎಲ್ಲ ನಿನ್ನ ಅಕ್ಷರ. ಎಂಟನೆಯದರ ಮುಂದೆ ‘ಶಭಾಷ್ ಪುಟ್ಟಿ’ ಅಂತ ಬೇರೆ ಬರೆದಿದ್ದೀಯ. ಅದೇ ದಿನ ಹತ್ತು ಗಂಟೆಗೆ ಪುಸ್ತಕದಲ್ಲಿ ಹಳೆಯ ಅಂಕಿಗೆ ಸಹಿ ಹಾಕಿದೆ. ಇದನ್ನು ಇದುವರೆಗೆ ಯಾರಿಗೂ ತೋರಿಸಿಲ್ಲ, ಗುಂಡಿ ಹೊಲಿಯುವವಳಿಗೂ ಇಲ್ಲ. ತೋರಿಸಿದರೆ ನಿನ್ನ ಕೆಲಸ ಹೋಗುತ್ತದೆ, ನನಗೆ ಗೊತ್ತು. ನೀನು ಬಂದು ಎಲ್ಲರೆದುರು ನಿನ್ನ ಬಾಯಿಂದ ಹೇಳಿದರೆ ಆ ಹಾಳೆ ನಿನ್ನ ಕೈಗೆ ಕೊಡುತ್ತೇನೆ, ಹಲಗೆಯ ಈ ಕಡೆ ನಿನ್ನ ಜೊತೆ ನಾವೆಲ್ಲ ಹತ್ತುತ್ತೇವೆ. ಬರದಿದ್ದರೆ ನಾನು ಕೈ ಎತ್ತುತ್ತೇನೆ, ತೋಳು ಯಾರು ಬೇಕಾದರೂ ನೋಡಲಿ, ಆ ಕೈಯಲ್ಲಿ ಹಾಳೆ ಇರುತ್ತದೆ. ಊಟದ ಹಾಲು. ಹತ್ತೊಂಬತ್ತನೇ ತಾರೀಖು, ಬುಧವಾರ, ಸಂಜೆ ಐದೂವರೆ.